ವಲ್ಲಿಯ ಕೆಳಗೆ

ದೇವದುರ್ಗದ ದನದ ಸಂತೆಯಲ್ಲಿ
ಬೆಲೆಯನ್ನು ಯಾರೂ ಬಾಯಲ್ಲಿ ಆಡುತ್ತಿರಲಿಲ್ಲ.
ಅಜ್ಜ, ತಾಯಪ್ಪ ದಲಾಲಿ,
ಹೆಗಲ ವಲ್ಲಿ ತೆಗೆದು ಒಮ್ಮೆ ಕೊಡವಿ
ಕೊಳ್ಳುವವನ ಕೈಮೇಲೆ ಹಾಸುತ್ತಿದ್ದ,
ಒಳಗೆ ತನ್ನ ಕೈ ತೂರಿಸುತ್ತಿದ್ದ.

ತೋರುಬೆರಳು ಹಿಡಿದರೆ ಒಂದು.
ಅದು ನೂರೋ ಸಾವಿರವೋ
ಎತ್ತಿನ ಹಲ್ಲು ನೋಡಿದವನಿಗೆ ಗೊತ್ತು.
ಅಂಗೈ ತುಂಬ ಹಿಡಿದರೆ ಐದು. ಉಗುರು ಒತ್ತಿದರೆ,
ಅರ್ಧಾ ಬಿಡೋ ಯಪ್ಪಾ.

ಸುತ್ತ ನೂರು ಮಂದಿ, ನಡುಹಗಲು.
ಗುಟ್ಟೆಂದರೆ ಕತ್ತಲ ಕೋಣೆ ಅಂದುಕೊಂಡಿದ್ದೆ;
ಅಜ್ಜನ ಗುಟ್ಟು ಬಿಸಿಲಲ್ಲೇ ನಿಂತಿರುತ್ತಿತ್ತು,
ಮೈಮೇಲೆ ಒಂದು ಅರಿವೆ ಇದ್ದರೆ ಸಾಕಿತ್ತು ಅದಕ್ಕೆ.

ನನಗಾಗ ಎಂಟು ವರ್ಷ. ಅವನ ಹಿಂದೆ
ಹಿಂಡಿಚೀಲದ ಮೇಲೆ ಕೂತು ಸೇಂಗಾ ಸುಲಿಯುತ್ತಿದ್ದೆ.
ನೋಡುವವರೆಲ್ಲ ವಲ್ಲಿಯನ್ನೇ ನೋಡುತ್ತಿದ್ದರು.
ನಾನು ಕೂತಲ್ಲಿಂದ ವಲ್ಲಿ ಕಾಣುತ್ತಿರಲಿಲ್ಲ,
ಅಜ್ಜನ ಬಲಭುಜ ಕಾಣುತ್ತಿತ್ತು.

ಒಂದು ಬೆರಳಿಗೆ ಭುಜ ಅಲುಗದು.
ಎರಡಕ್ಕೆ ಅಂಗಿಯ ಹೊಲಿಗೆ ಬಿಗಿಯುತ್ತದೆ.
ನಾಲ್ಕಕ್ಕೆ ಕುತ್ತಿಗೆಯ ನರ.
ಐದಕ್ಕೆ, ಹೆಗಲ ಮೇಲಿನ ನೊಣ ಹಾರಿಹೋಗುತ್ತದೆ.

ಮೂರು ಸಂತೆಗಳಲ್ಲಿ ಕಲಿತೆ.
ನಾಲ್ಕನೆಯದರಲ್ಲಿ ಬೂದೆಪ್ಪ ದಲಾಲಿಗೆ ಹೇಳಿದೆ,
ಎರಡು ಪೆಪ್ಪರಮಿಂಟಿಗೆ.
ಆ ದಿನ ಅಜ್ಜನ ಕೈತಪ್ಪಿದ್ದು ಒಂದು ಜೋಡಿ ಖಿಲಾರಿ.

ಬಸ್ಸಿನಲ್ಲಿ ಅವನು ಬೈಯಲಿಲ್ಲ.
ನನ್ನ ಬಾಯಿ ಮೂಸಿ ನೋಡಿದ, ಅಷ್ಟೇ.
ಮುಂದಿನ ಸಂತೆಯಿಂದ
ಒಂದಕ್ಕೂ ಐದಕ್ಕೂ ಒಂದೇ ತೆರನಾಗಿ
ಭುಜ ಕುಣಿಸತೊಡಗಿದ,
ಬೆರಳೇ ಹಿಡಿಯದಾಗಲೂ.
ಮಂದಿ ಅಂದರು, ತಾಯಪ್ಪಗ ವಾಯು ಆಗ್ಯಾದ.

ಈಗ ರಾಯಚೂರಿನ ತೀನ್ ಕಂದೀಲಿನ ಹತ್ತಿರ
ಬಳೆಯಂಗಡಿಯ ಮೇಲಿನ ಪತ್ತಿನ ಸಹಕಾರ ಸಂಘದಲ್ಲಿ
ಹೊಸ ಸಾಫ್ಟ್‌ವೇರಿನ ಬಿರುಕು ಹುಡುಕಲು ಕೂತಿದ್ದೇನೆ.
ಕಾರ್ಯದರ್ಶಿ ವಿರುಪಣ್ಣನವರಿಗೆ ಹೆಮ್ಮೆ:
"ಭಾರೀ ಗಟ್ಟಿ ಕೀಲಿ ಅದರೀ ಮೇಡಂ,
ಇನ್ನೂರೈವತ್ತಾರು ಬಿಟ್ಟಿಂದು.
ಸೂರ್ಯ ಆರಿದ್ರೂ ಒಡಿಯಂಗಿಲ್ಲಂತ."

ಹೌದು, ಒಡೆಯುವುದಿಲ್ಲ.
ಆ ಗಣಿತಕ್ಕೆ ನಾನೂ ಕೈಮುಗಿಯುತ್ತೇನೆ.
ಆದರೆ ಕೀಲಿಕೈಯನ್ನು ಕೀಲಿಯ ಪಕ್ಕದ ಕಡತದಲ್ಲೇ ಇಟ್ಟಿದ್ದಾರೆ,
ಬಾಗಿಲ ಮೇಲಿನ ಗೂಡಿನಲ್ಲಿಟ್ಟು ಹೊಲಕ್ಕೆ ಹೋದಂತೆ.
ಕ್ಯಾಶಿಯರನ ಪಾಸ್‌ವರ್ಡು ಅವನ ಮಗಳ ಹೆಸರು,
ಮಗಳ ಹೆಸರು ಅವನ ಬೈಕಿನ ಮೇಲೆ.
ಹೆಸರು ತುಂಬುವ ಖಾನೆಯಲ್ಲಿ ಹುಕುಮು ಬರೆದರೆ
ಹೆಸರೋ ಹುಕುಮೋ ಎಂದು ಕೇಳದೆ ಪಾಲಿಸುತ್ತದೆ.

ಇವೆಲ್ಲ ಊಟದೊಳಗೆ ಸಿಕ್ಕವು. ವರದಿಗೆ ಹಾಕಿದೆ.
ಕರೆಂಟು ಹೋಗಿ ಬಂದ ಮೇಲೆ ಸಿಕ್ಕದ್ದು ಬೇರೆ.

ತಪ್ಪು ಪಾಸ್‌ವರ್ಡು ಕೊಟ್ಟೆ: ತಪ್ಪು ಎಂದಿತು.
ಮೊದಲಕ್ಷರ ಮಾತ್ರ ಸರಿ ಮಾಡಿದೆ: ಆಗಲೂ ತಪ್ಪು,
ಆದರೆ ಕೂದಲೆಳೆಯಷ್ಟು ತಡವಾಗಿ.
ಎರಡನೆಯದೂ ಸರಿಯಿದ್ದಾಗ ಇನ್ನೊಂದು ಎಳೆ.
ಅಕ್ಷರಕ್ಕೆ ಅಕ್ಷರ ಹೋಲಿಸುತ್ತ
ತಪ್ಪು ಕಂಡಲ್ಲಿಗೇ ನಿಂತುಬಿಡುತ್ತಿತ್ತು
ಆ ಪ್ರಾಮಾಣಿಕ ಯಂತ್ರ.
ಸಾವಿರ ಸಲ ಕೇಳಿ, ಹೊತ್ತು ಅಳೆದು, ಪಟ್ಟಿ ಮಾಡಿದೆ.

ಪಟ್ಟಿಯಲ್ಲಿ ಅಂಗಿಯ ಹೊಲಿಗೆ ಕಂಡಿತು,
ಕುತ್ತಿಗೆಯ ನರ,
ಹಾರಿಹೋದ ನೊಣ.

ಪರಿಹಾರದ ಖಾನೆಯಲ್ಲಿ ಬರೆದೆ:
ತಪ್ಪಿರಲಿ ಸರಿಯಿರಲಿ, ಕೊನೆಯಕ್ಷರದವರೆಗೂ ಹೋಲಿಸತಕ್ಕದ್ದು.
ಎಲ್ಲ ಉತ್ತರಕ್ಕೂ ಒಂದೇ ಹೊತ್ತು ಹಿಡಿಯತಕ್ಕದ್ದು.
ವಿರುಪಣ್ಣನವರು ಕನ್ನಡಕ ಏರಿಸಿ ಓದಿದರು:
"ತಪ್ಪಂತ ಗೊತ್ತಾದ ಮ್ಯಾಲೂ
ಸುಮ್ಮನ ಯಾಕ್ರಿ ದುಡಿಸೋದು ಅದನ್ನ?"

ಹೇಳಲಿಲ್ಲ ನಾನು.

ಕಡೆಗಾಲದಲ್ಲಿ, ಸರ್ಕಾರಿ ಆಸ್ಪತ್ರೆಯ ಮಂಚದಲ್ಲಿ
ಅಜ್ಜ ಚಾದರದ ಕೆಳಗೆ ನನ್ನ ಕೈ ಹುಡುಕಿ
ಎರಡು ಬೆರಳು ಹಿಡಿದಿದ್ದ.
ಎರಡು ನೂರೋ, ಎರಡು ಸಾವಿರವೋ,
ಆ ಎರಡು ಪೆಪ್ಪರಮಿಂಟೋ.
ಭುಜ ನೋಡಿದೆ.
ಕುಣಿಯುತ್ತಲೇ ಇತ್ತು.